ಆಯಿಲ್ ಕಡಿಮೆಯಾದರೆ ಎಂಜಿನ್ ಬಿಚ್ಚುವ ಮೊದಲು ಅಳೆಯಿರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಓದುಗರೊಬ್ಬರ ಪ್ರಶ್ನೆ ಬಂದಿತ್ತು. ಅವರ ಕಾರಿನ ಎಂಜಿನ್ ಸೀಜ್ ಆಗಿ, ಬೇರೆ ಕಾರಿನಿಂದ ಇಳಿಸಿದ ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿದ್ದಾರೆ. ಕಾರು ಚೆನ್ನಾಗಿಯೇ ಓಡುತ್ತಿದೆ. ಆದರೆ ಆಯಿಲ್ ಮಾತ್ರ ಕಡಿಮೆಯಾಗುತ್ತಲೇ ಇದೆ, ಏನು ಮಾಡಲಿ ಎಂದು ಕೇಳಿದ್ದರು. ‘ರಿಂಗ್ ಹೋಗಿದೆ, ಎಂಜಿನ್ ಬಿಚ್ಚಿಸಿ’ ಎಂದು ನಿಮ್ಮ ಪುಟದಲ್ಲಿ ಉತ್ತರ ಬಂತು. ಓದಿ ಬೇಜಾರಾಯಿತು. ನಾನು ಎಂಜಿನ್ ಕೆಲಸ ಮಾಡಿಕೊಂಡೇ ಬಂದವನು. ಇದೇ ಮಾತು ಕೇಳಿ ಒಳ್ಳೆಯ ಎಂಜಿನ್ನುಗಳನ್ನು ಬಿಚ್ಚಿಸಿದವರನ್ನು ನೋಡಿದ್ದೇನೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ ಇದು. ಆ ಓದುಗರು ಇನ್ನೂ ಎಂಜಿನ್ ಬಿಚ್ಚಿಸಿಲ್ಲದಿದ್ದರೆ ದಯವಿಟ್ಟು ಸ್ವಲ್ಪ ತಡೆಯಲಿ. ಅದಕ್ಕಾಗಿಯೇ ಈ ಪತ್ರ.

ರಿಂಗ್ ಎಂದರೆ ಪಿಸ್ಟನ್ ಸುತ್ತ ಕೂತು, ಗ್ಯಾಸು ಕೆಳಗೆ ಬಾರದ ಹಾಗೆ, ಆಯಿಲ್ ಮೇಲೆ ಹೋಗದ ಹಾಗೆ ತಡೆಯುವ ಬಳೆ. ಅದು ಹೋಗಿರಲಿಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ಹೋಗಿರಬಹುದು. ಆದರೆ ಬದಲಿ ಎಂಜಿನ್ ಕೂರಿಸಿದ ಕಾರಿನಲ್ಲಿ ಆ ತೀರ್ಮಾನಕ್ಕೆ ಕೊನೆಗೆ ಬರಬೇಕು. ಕಾರಣ ಇಷ್ಟೇ. ಬದಲಿ ಎಂಜಿನ್ ಪೂರ್ತಿಯಾಗಿ ಬಂದಿರುವುದಿಲ್ಲ. ಬ್ಲಾಕು, ಅದರ ಮೇಲೆ ಕೂರುವ ಹೆಡ್ಡು ಒಂದು ಕಾರಿನದ್ದು. ಅದಕ್ಕೆ ಹಾಕಿದ, ಗಾಳಿ ಒಳಗೆ ತರುವ ಇನ್‌ಟೇಕ್ ಮ್ಯಾನಿಫೋಲ್ಡ್, ಎಂಜಿನ್ ಒಳಗಿನ ಗ್ಯಾಸನ್ನು ಹೊರಗೆ ಒಯ್ಯುವ ಬ್ರೀದರ್ ಪೈಪು, ಗಾಳಿ ಒತ್ತಿ ತುಂಬುವ ಟರ್ಬೊ, ಆಯಿಲ್ ನೋಡುವ ಕಡ್ಡಿ, ಸೈಲೆನ್ಸರ್ ಎಲ್ಲ ಹಲವು ಸಲ ಹಳೇ ಎಂಜಿನ್ನಿಂದ ಬಿಚ್ಚಿ ತಂದದ್ದು. ಅಂದರೆ ಬಾನೆಟ್ ಕೆಳಗೆ ಎರಡು ಕಾರುಗಳ ಸಾಮಾನು ಸೇರಿಕೊಂಡಿದೆ. ಆಯಿಲ್ ಕಡಿಮೆಯಾಗಲು ಕಾರಣ ಈ ಎರಡರಲ್ಲಿ ಯಾವುದರಲ್ಲಿದೆ ಎಂದು ಮೊದಲು ಗೊತ್ತಾಗಬೇಕು, ಅಲ್ವಾ?

ಅದಕ್ಕೂ ಮುಂಚೆ, ನಿಜವಾಗಿ ಎಷ್ಟು ಆಯಿಲ್ ಹೋಗುತ್ತಿದೆ? ಇದನ್ನು ಅಳೆದು ತಂದವರು ನನ್ನ ಬಳಿ ಬಹಳ ಕಡಿಮೆ. ‘ತುಂಬಾ ಕುಡಿಯುತ್ತದೆ ಸಾರ್’ ಎನ್ನುತ್ತಾರೆ, ಅಷ್ಟೇ. ಯಾವ ಎಂಜಿನ್ ಆದರೂ ಸ್ವಲ್ಪ ಆಯಿಲ್ ಸುಡುತ್ತದೆ. ಬೋರಿನ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ, ಗೋಡೆಯ ಮೇಲೆ ತೆಳುವಾಗಿ ಆಯಿಲ್ ಪದರ ಇರಲೇಬೇಕು, ಅದರಲ್ಲಿ ಒಂದು ಚೂರು ಉರಿದು ಹೋಗುತ್ತದೆ. ಕೆಲವು ಕಂಪನಿಗಳು ತಮ್ಮ ಮ್ಯಾನ್ಯುಯಲ್‌ನಲ್ಲೇ 1,000 ಕಿ.ಮೀ.ಗೆ ಅರ್ಧ ಲೀಟರ್ ತನಕ, ಇನ್ನು ಕೆಲವು 1 ಲೀಟರ್ ತನಕ ಹೋಗಬಹುದು ಎಂದು ಬರೆದಿವೆ. ಅದು ಗರಿಷ್ಠ ಮಿತಿ. ಒಳ್ಳೆಯ ಎಂಜಿನ್ ಅದಕ್ಕಿಂತ ಎಷ್ಟೋ ಕಡಿಮೆ ಸುಡುತ್ತದೆ. ಆದರೂ 1,000 ಕಿ.ಮೀ.ಗೆ 200 ಎಂಎಲ್ ಹೋಗುವ ಹಳೇ ಎಂಜಿನ್ನನ್ನು ಬಿಚ್ಚುವ ಅಗತ್ಯವಿಲ್ಲ. ಕಡ್ಡಿ ನೋಡಿಕೊಂಡು ಓಡಿಸಿದರೆ ಸಾಕು.

ಅಳೆಯುವುದು ಹೀಗೆ. ಇರುವ ಆಯಿಲ್ ಪೂರ್ತಿ ಇಳಿಸಿ. ಫಿಲ್ಟರ್ ಹೊಸದು ಹಾಕಿ. ಬ್ಲಾಕಿನ ಮೇಲಿರುವ ಎಂಜಿನ್ ನಂಬರ್ ನೋಡಿ, ಆ ಎಂಜಿನ್ನಿಗೆ ಕಂಪನಿ ಹೇಳಿದ ಗ್ರೇಡಿನ ಆಯಿಲನ್ನು, ಹೇಳಿದಷ್ಟೇ ಪ್ರಮಾಣದಲ್ಲಿ, ಅಳತೆ ಜಗ್ಗಿನಿಂದ ಹಾಕಿ. ಕೆಲವು ನಿಮಿಷ ಓಡಿಸಿ, ಆಫ್ ಮಾಡಿ, ಸಮತಟ್ಟು ಜಾಗದಲ್ಲಿ 10 ನಿಮಿಷ ಬಿಟ್ಟು ಕಡ್ಡಿ ನೋಡಿ. ಆಯಿಲ್ ಎಲ್ಲಿ ನಿಂತಿದೆಯೋ ಅಲ್ಲಿ ಒಂದು ಗುರುತು ಮಾಡಿ. 1,000 ಕಿ.ಮೀ. ಆದ ಮೇಲೆ ಅದೇ ಜಾಗ, ಎಂಜಿನ್ ಅಷ್ಟೇ ಬಿಸಿ, ಅಷ್ಟೇ ಹೊತ್ತು ಬಿಟ್ಟು ಮತ್ತೆ ನೋಡಿ. ಆ ಗುರುತಿಗೆ ಬರಲು ಎಷ್ಟು ಎಂಎಲ್ ಹಾಕಬೇಕಾಯಿತೋ ಅದೇ ನಿಮ್ಮ ಲೆಕ್ಕ. ಇನ್ನೂ ಖಚಿತವಾಗಿ ಬೇಕೆಂದರೆ ಹಾಕುವಾಗ ತೂಗಿ, ಇಳಿಸುವಾಗಲೂ ತೂಗಿ. 1 ಲೀಟರ್ ಎಂಜಿನ್ ಆಯಿಲ್ ಸುಮಾರು 850 ಗ್ರಾಂ ಚಿಲ್ಲರೆ ಬರುತ್ತದೆ. ಬೆಳಿಗ್ಗೆ ಒಂದು ಸಲ ತಣ್ಣಗಿದ್ದಾಗ ನೋಡಿ, ಸಂಜೆ ಓಡಿಸಿ ನಿಲ್ಲಿಸಿದ ಕೂಡಲೇ ಇನ್ನೊಂದು ಸಲ ನೋಡಿ, ಎರಡನ್ನೂ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಬಿಸಿ ಆಯಿಲ್ ಇನ್ನೂ ಮೇಲಿನಿಂದ ಇಳಿಯುತ್ತಾ ಇರುತ್ತದೆ.

ಇನ್ನೊಂದು ಸಂಗತಿಯೂ ಲೆಕ್ಕ ಕೆಡಿಸುತ್ತದೆ. ಬರೀ ಹತ್ತಿರ ಹತ್ತಿರ ಓಡಿಸುವ ಕಾರಿನಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಸುಡದ ಪೆಟ್ರೋಲು ಆಯಿಲಿಗೆ ಇಳಿಯುತ್ತದೆ. ಆಗ ಆಯಿಲ್ ಸುಟ್ಟು ಹೋಗುತ್ತಿದ್ದರೂ ಕಡ್ಡಿಯಲ್ಲಿ ಮಟ್ಟ ಹಾಗೇ ಕಾಣುತ್ತದೆ. ಆಮೇಲೆ ಒಂದು ದೂರದ ಪ್ರಯಾಣ ಮಾಡಿದರೆ ಬಿಸಿಗೆ ಪೆಟ್ರೋಲೆಲ್ಲ ಆವಿಯಾಗಿ, ಮಟ್ಟ ಒಮ್ಮೆಗೇ ಇಳಿದ ಹಾಗೆ ಕಾಣುತ್ತದೆ. ಕಡ್ಡಿ ಮೂಸಿ ನೋಡಿದರೆ ಪೆಟ್ರೋಲ್ ವಾಸನೆ ಬರುತ್ತದೆ.

ಈಗ ಕಡ್ಡಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಒಬ್ಬರು ತಮ್ಮ ಕಾರು ತಂದಿದ್ದರು. ಬದಲಿ ಎಂಜಿನ್ ಹಾಕಿಸಿದ ಮೇಲೆ ಪ್ರತಿ ಸಲವೂ ಆಯಿಲ್ ಬೇಗ ಇಳಿಯುತ್ತದೆ, ಮತ್ತೆ ಮೇಲಿನ ಗುರುತಿನ ತನಕ ಹಾಕುತ್ತೇನೆ, ಮತ್ತೆ ಇಳಿಯುತ್ತದೆ ಎಂದರು. ಎಲ್ಲಿಯ ತನಕ ಇಳಿಯುತ್ತದೆ ಎಂದು ಕೇಳಿದೆ. ಕೆಳಗಿನ ಗುರುತಿನ ಹತ್ತಿರ ಬಂದು ನಿಲ್ಲುತ್ತದೆ ಎಂದರು. ನಿಲ್ಲುತ್ತದೆ ಎಂಬ ಮಾತೇ ನನಗೆ ಬೇಕಾಗಿದ್ದದ್ದು. ರಿಂಗೋ ಸೀಲೋ ಹೋಗಿದ್ದರೆ ಆಯಿಲ್ ಒಂದು ಜಾಗಕ್ಕೆ ಬಂದು ನಿಲ್ಲುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಕಡ್ಡಿ ಎಳೆದು ನೋಡಿದೆ. ಅದು ಅವರ ಹಳೇ ಎಂಜಿನ್ನಿನ ಕಡ್ಡಿ. ಹೊಸದಾಗಿ ಬಂದದ್ದು ಅದೇ ಜಾತಿಯ ಎಂಜಿನ್ ನಿಜ, ಆದರೆ ಬೇರೆ ಮಾಡೆಲಿನದ್ದು. ಕೆಳಗೆ ಆಯಿಲ್ ಕೂಡುವ ತೊಟ್ಟಿಯ, ಅಂದರೆ ಸಂಪಿನ, ಆಕಾರವೂ ಬೇರೆ, ಕಡ್ಡಿ ಇಳಿಯುವ ಪೈಪಿನ ಉದ್ದವೂ ಬೇರೆ. ಆಯಿಲ್ ಪೂರ್ತಿ ಇಳಿಸಿ, ಆ ಎಂಜಿನ್ನಿಗೆ ಹೇಳಿದಷ್ಟೇ ಅಳೆದು ಹಾಕಿ ನೋಡಿದರೆ, ಕಡ್ಡಿಯಲ್ಲಿ ಅದು ಕೆಳಗಿನ ಗುರುತಿಗೇ ನಿಂತಿತು. ಅಂದರೆ ಅವರು ಮೇಲಿನ ಗುರುತಿಗೆ ಹಾಕಿದಾಗಲೆಲ್ಲ ಹೆಚ್ಚುಕಡಿಮೆ ಒಂದು ಲೀಟರ್ ಜಾಸ್ತಿ ಹಾಕುತ್ತಿದ್ದರು. ಹೀಗೆ ಜಾಸ್ತಿಯಾದ ಆಯಿಲಿಗೆ ಕೆಳಗೆ ತಿರುಗುವ ಕ್ರ್ಯಾಂಕ್ ಬಡಿಯುತ್ತದೆ. ನೊರೆ ಏಳುತ್ತದೆ. ಆ ತುಂತುರು ಬ್ರೀದರ್ ಪೈಪಿನಲ್ಲಿ ಹತ್ತಿ ಇನ್‌ಟೇಕಿಗೆ ಹೋಗಿ ಉರಿಯುತ್ತದೆ. ಸರಿಯಾದ ಮಟ್ಟಕ್ಕೆ ಬಂದ ಮೇಲೆ ಸುಮ್ನೆ ನಿಲ್ಲುತ್ತದೆ. ಆ ಎಂಜಿನ್ನಿಗೆ ಬೇಕಾಗಿದ್ದದ್ದು ಸರಿಯಾದ ಕಡ್ಡಿ ಮತ್ತು ಪೈಪು, ಅಷ್ಟೇ. ಅದನ್ನು ಬಿಚ್ಚಲು ಬೇರೆ ಕಡೆ ಆಗಲೇ ದಿನ ಗೊತ್ತು ಮಾಡಿದ್ದರಂತೆ.

ಹೊರಗೆ ಸೋರುವುದನ್ನು ಎಲ್ಲರೂ ನೋಡುತ್ತಾರೆ, ಆದರೆ ಕಾರಿನ ಕೆಳಗೆ ನೆಲದ ಮೇಲೆ ಕಲೆ ಇದೆಯೇ ಎಂದು ಮಾತ್ರ ನೋಡುತ್ತಾರೆ. ಕೆಲವು ಕಡೆ ಎಂಜಿನ್ ಓಡುವಾಗ, ಪ್ರೆಷರ್ ಇರುವಾಗ ಮಾತ್ರ ಸೋರುತ್ತದೆ. ಆಯಿಲ್ ಪ್ರೆಷರ್ ಸ್ವಿಚ್, ಫಿಲ್ಟರ್ ಕೂರುವ ಹೌಸಿಂಗಿನ ಗ್ಯಾಸ್ಕೆಟ್ ಅಂಥವು. ಎಂಜಿನ್ನಿನ ಮೇಲೆ ಮುಚ್ಚಿರುವ ಟ್ಯಾಪೆಟ್ ಕವರಿನಿಂದ ಸೋರಿದ್ದು ಬಿಸಿ ಎಕ್ಸಾಸ್ಟಿನ ಮೇಲೆ ಬಿದ್ದು ಅಲ್ಲೇ ಸುಟ್ಟುಹೋಗುತ್ತದೆ, ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಗಿಯರ್ ಬಾಕ್ಸ್ ಕಡೆಯ ಕ್ರ್ಯಾಂಕ್ ಸೀಲ್ ಬಹಳ ದಿನ ಒಣಗಿ ಬಿದ್ದಿದ್ದ ಎಂಜಿನ್ನಿನಲ್ಲಿ ಗಟ್ಟಿಯಾಗಿರುತ್ತದೆ. ಎಂಜಿನ್ ತೊಳೆದು ಒಣಗಿಸಿ, ಅನುಮಾನ ಇರುವ ಜಾಗಕ್ಕೆ ಪೌಡರ್ ಎರಚಿ ಒಂದು ಸುತ್ತು ಓಡಿಸಿ ಬಂದರೆ ಒದ್ದೆ ಗೆರೆ ಕಾಣುತ್ತದೆ. ಆಯಿಲಿಗೆ ಬಣ್ಣ ಹಾಕಿ ನೀಲಿ ಲೈಟಿನಲ್ಲಿ ನೋಡುವ ಕ್ರಮವೂ ಇದೆ. ರೇಡಿಯೇಟರ್ ನೀರಿನ ಡಬ್ಬಿಯನ್ನೂ ತೆರೆದು ನೋಡಿ. ಆಯಿಲ್ ಕೂಲರ್ ಒಡೆದಿದ್ದರೆ ಕಂದು ಬಣ್ಣದ ಜಿಡ್ಡು ಅಲ್ಲಿ ಮೇಲೆ ನಿಂತಿರುತ್ತದೆ.

ಇಲ್ಲಿಯ ತನಕ ಏನೂ ಸಿಗದಿದ್ದರೆ ಬ್ರೀದರ್. ಪಿಸ್ಟನ್ ಮೇಲೆ ಉರಿಯುವ ಗ್ಯಾಸಿನಲ್ಲಿ ಒಂದಿಷ್ಟು ರಿಂಗ್ ದಾಟಿ ಕೆಳಗೆ ಬರುತ್ತದೆ. ನಾವು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದಕ್ಕೆ. ಒಳ್ಳೆಯ ಎಂಜಿನ್ನಿನಲ್ಲೂ ಸ್ವಲ್ಪ ಇರುತ್ತದೆ. ಅದನ್ನು ಹೊರಗೆ ಬಿಡದೆ ಇನ್‌ಟೇಕಿಗೇ ತಿರುಗಿಸಿ ಸುಡಲು ಪಿಸಿವಿ ವಾಲ್ವ್ ಇಟ್ಟಿದ್ದಾರೆ. ಈ ವಾಲ್ವ್ ಕಟ್ಟಿಕೊಂಡರೆ ಒಳಗೆ ಪ್ರೆಷರ್ ಏರಿ, ಸೀಲುಗಳ ಸಂದಿಯಿಂದ ಆಯಿಲ್ ಹೊರಗೆ ಬರುತ್ತದೆ. ತೆರೆದೇ ಇದ್ದರೆ ಇನ್‌ಟೇಕ್ ಆಯಿಲನ್ನು ಒಂದೇ ಸಮ ಹೀರುತ್ತದೆ. ಎರಡರಲ್ಲೂ ಕಡ್ಡಿಯಲ್ಲಿ ಆಯಿಲ್ ಇಳಿಯುತ್ತದೆ. ಎರಡರಲ್ಲೂ ರಿಂಗಿನ ತಪ್ಪಿಲ್ಲ.

ನೋಡುವುದು ಸುಲಭ. ಎಂಜಿನ್ ಸ್ಲೋನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಹೆಚ್ಚಿನ ಎಂಜಿನ್ನುಗಳಲ್ಲಿ ಅದು ಮೆಲ್ಲಗೆ ಒಳಗೆ ಎಳೆದುಕೊಂಡರೆ ಸರಿ ಇದೆ. ಮುಚ್ಚಳ ತೆಗೆಯಲೇ ಆಗದಷ್ಟು ಜೋರಾಗಿ ಎಳೆಯುತ್ತಿದ್ದರೆ, ಜೊತೆಗೆ ಸೀಟಿಯಂಥ ಸದ್ದು ಬರುತ್ತಿದ್ದರೆ, ಕೆಲವು ಎಂಜಿನ್ನುಗಳಲ್ಲಿ ಟ್ಯಾಪೆಟ್ ಕವರಿನಲ್ಲೇ ಕೂತು ಪಿಸಿವಿ ಕೆಲಸ ಮಾಡುವ ರಬ್ಬರ್ ಪೊರೆ, ಅಂದರೆ ಡಯಾಫ್ರಮ್, ಹರಿದಿದೆ ಎಂದುಕೊಳ್ಳಬಹುದು. ಹಾಳೆ ಮೇಲಕ್ಕೆ ಹಾರುತ್ತಿದ್ದರೆ ಒಂದೋ ಬ್ರೀದರ್ ಕಟ್ಟಿದೆ, ಇಲ್ಲವೇ ಬ್ಯಾಕ್ ಕಂಪ್ರೆಷನ್ ಜಾಸ್ತಿ ಇದೆ. ಬ್ರೀದರ್ ಪೈಪು ಬಿಚ್ಚಿ ಒಳಗೆ ಜಿಡ್ಡು ಇದೆಯೇ ನೋಡಿ, ಪೈಪು ಹೊಸದು ಹಾಕಿ ಮತ್ತೆ ಪರೀಕ್ಷಿಸಿ. ಇನ್ನೂ ಅನುಮಾನ ಇದ್ದರೆ ಪರೀಕ್ಷೆಗೆ ಮಾತ್ರ ಆ ಪೈಪನ್ನು ಗಾಳಿಯಾಡುವ ಒಂದು ಬಾಟಲಿಗೆ ಬಿಟ್ಟು, ಮ್ಯಾನಿಫೋಲ್ಡಿನ ತೂತು ಮುಚ್ಚಿ ಸ್ವಲ್ಪ ದೂರ ಓಡಿಸಿ. ಬಾಟಲಿಯಲ್ಲಿ ಎಷ್ಟು ಆಯಿಲ್ ಕೂಡಿದೆ ಎಂದು ನೋಡಿದರೆ ಕಣ್ಣಿಗೇ ಕಾಣುತ್ತದೆ. ಬದಲಿ ಎಂಜಿನ್ ಕೂರಿಸುವಾಗ ಹಳೇ ಪಿಸಿವಿ ವಾಲ್ವನ್ನೇ, ಹಳೇ ಪೈಪನ್ನೇ ಹಾಕುವುದು ತೀರಾ ಸಾಮಾನ್ಯ. ಹಳೇ ಎಂಜಿನ್ ಕೆಟ್ಟದ್ದೇ ಆ ಪೈಪು ಕಟ್ಟಿದ್ದರಿಂದ ಇರಬಹುದು. ಅದನ್ನೇ ತಂದು ಹೊಸ ಎಂಜಿನ್ನಿಗೆ ಹಾಕಿದರೆ ಹೇಗೆ?

ಹೊಗೆಯ ಬಗ್ಗೆ ಹೇಳಲೇಬೇಕು. ನೀಲಿ ಹೊಗೆ ಬಂತು ಎಂದರೆ ಸಾಲದು, ಯಾವಾಗ ಬಂತು ಎನ್ನುವುದರಲ್ಲಿ ವಿಷಯ ಇದೆ. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಎಂದು ನೀಲಿ ಹೊಗೆ ಬಂದು ಆಮೇಲೆ ನಿಂತುಹೋದರೆ, ವಾಲ್ವ್ ಸೀಲುಗಳ ಮೇಲೆ ಅನುಮಾನ ಪಡಬೇಕು. ಮೇಲಿನ ಆಯಿಲ್ ವಾಲ್ವಿನ ಕಂಬಿಗುಂಟ ರಾತ್ರಿ ಇಳಿದಿರುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಬಂದ ಮೇಲೆ ಮತ್ತೆ ಒತ್ತಿದಾಗ ಹೊಗೆ ಬಂದರೂ ಹೆಚ್ಚಾಗಿ ಅದೇ ಸೀಲು, ಇಲ್ಲವೇ ವಾಲ್ವಿನ ಕಂಬಿ ಓಡಾಡುವ ಗೈಡು. ಏರು ಹತ್ತುವಾಗ, ಭಾರ ಎಳೆಯುವಾಗ ಒಂದೇ ಸಮ ಬಂದರೆ ಆಗ ರಿಂಗಿನ ಕಡೆ ನೋಡಬೇಕು. ಓಡಿಸಿ ಬಂದು ಸ್ಲೋನಲ್ಲಿ ನಿಲ್ಲಿಸಿದಾಗ ಹೊಗೆ ಹೆಚ್ಚುತ್ತಾ ಹೋದರೆ ಟರ್ಬೊ ನೋಡಿ. ಟರ್ಬೊದಿಂದ ಬರುವ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿನ ಪೈಪು ಬಿಚ್ಚಿದರೆ ಒಳಗೆ ಆಯಿಲ್ ನಿಂತಿರುತ್ತದೆ. ಆದರೆ ಕೂಡಲೇ ಟರ್ಬೊ ಬದಲಾಯಿಸಬೇಡಿ, ಅದರಿಂದ ಆಯಿಲ್ ವಾಪಸು ಇಳಿಯುವ ಪೈಪು ಕಟ್ಟಿದ್ದರೂ, ಬ್ರೀದರ್ ಕಟ್ಟಿದ್ದರೂ ಒಳ್ಳೆಯ ಟರ್ಬೊ ಸಹ ಆಯಿಲ್ ಬಿಡುತ್ತದೆ.

ಹೊಗೆ ಇಲ್ಲ ಎಂದರೆ ಆಯಿಲ್ ಸುಡುತ್ತಿಲ್ಲ ಎಂದಲ್ಲ. ಈಗಿನ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅದನ್ನು ಸುಟ್ಟು ಮುಚ್ಚಿಹಾಕುತ್ತದೆ. ಹಾಗೆಯೇ ಹೊಗೆ ಬಂದರೆ ಈ ಎಂಜಿನ್ನೇ ಸುಡುತ್ತಿದೆ ಎಂದೂ ಅಲ್ಲ. ಹಳೇ ಎಂಜಿನ್ ಸಾಯುವ ಮುಂಚೆ ಲೀಟರ್‌ಗಟ್ಟಲೆ ಆಯಿಲನ್ನು ಅದೇ ಸೈಲೆನ್ಸರಿಗೆ ಕಳಿಸಿರುತ್ತದೆ. ಬದಲಿ ಎಂಜಿನ್ ಹಾಕಿ ಬಿಸಿಯಾದಾಗಲೆಲ್ಲ ಅಲ್ಲಿ ಕೂತ ಆಯಿಲ್ ಹೊಗೆಯಾಡುತ್ತದೆ. ಕೆಲವು ನೂರು ಕಿ.ಮೀ. ಓಡಿಸಿದ ಮೇಲೂ ಹೊಗೆ ಇದೆಯೇ, ಕಡ್ಡಿಯಲ್ಲೂ ಇಳಿಯುತ್ತಿದೆಯೇ ಎಂದು ಎರಡನ್ನೂ ಸೇರಿಸಿ ನೋಡಬೇಕು.

ಇನ್ನು ಸ್ಪಾರ್ಕ್ ಪ್ಲಗ್. ನಾಲ್ಕೂ ಪ್ಲಗ್ ತೆಗೆದು, ಯಾವ ಸಿಲಿಂಡರಿನದ್ದು ಯಾವುದು ಎಂದು ಕ್ರಮವಾಗಿ ಒಂದು ಬಿಳಿ ಬಟ್ಟೆಯ ಮೇಲೆ ಇಟ್ಟುಕೊಳ್ಳಿ. ನನಗೆ ಬಹಳ ಇಷ್ಟವಾದ ಕೆಲಸ ಇದು. ನಾಲ್ಕೂ ಸ್ವಲ್ಪ ಸ್ವಲ್ಪ ಜಿಡ್ಡಾಗಿದ್ದರೆ ಎಲ್ಲ ಸಿಲಿಂಡರಿಗೂ ಸಮನಾಗಿ ಹೋಗುವ ದಾರಿ, ಅಂದರೆ ಬ್ರೀದರೋ ಟರ್ಬೊವೋ ನೆನಪಾಗಬೇಕು. ಮೂರು ಒಣಗಿ ತಿಳಿ ಕಂದು ಬಣ್ಣಕ್ಕಿದ್ದು ಒಂದು ಮಾತ್ರ ಕಪ್ಪಗೆ, ಒದ್ದೆಯಾಗಿ ಬಂದರೆ ತೊಂದರೆ ಆ ಒಂದು ಸಿಲಿಂಡರಿನದ್ದು. ಇನ್ನೊಂದು ಸೂಕ್ಷ್ಮ ಇದೆ. ಪ್ಲಗ್ಗಿನ ತುದಿ ಒಣಗಿದ್ದು, ಮೇಲೆ ಪಿಂಗಾಣಿಯ ಸುತ್ತ ಮಾತ್ರ ಆಯಿಲ್ ಇದ್ದರೆ ಅದು ಒಳಗಿನ ಆಯಿಲಲ್ಲ. ಟ್ಯಾಪೆಟ್ ಕವರಿನಲ್ಲಿರುವ ಪ್ಲಗ್ ಗುಂಡಿಯ ಸೀಲು ಹೋಗಿ ಮೇಲಿನಿಂದ ತುಂಬಿಕೊಂಡದ್ದು. ಇದನ್ನು ನೋಡಿ ರಿಂಗ್ ಹೋಗಿದೆ ಎಂದವರಿದ್ದಾರೆ.

ಪ್ಲಗ್ ತೆಗೆದ ತೂತಿನಲ್ಲಿ ಸಣ್ಣ ಕ್ಯಾಮೆರಾ ಇಳಿಸಿ. ಬೋರ್‌ಸ್ಕೋಪ್ ಈಗ ಅನೇಕರ ಬಳಿ ಇದೆ. ಪಿಸ್ಟನ್ ತಲೆಯ ಮೇಲೆಲ್ಲ ಕರಿ ಇದ್ದು, ಅಂಚಿನ ಸುತ್ತ ಮಾತ್ರ ತೊಳೆದ ಹಾಗೆ ಲೋಹ ಹೊಳೆಯುತ್ತಿದ್ದರೆ ರಿಂಗಿನ ಕಡೆಯಿಂದ ಆಯಿಲ್ ಮೇಲೆ ಬಂದು ಆ ಅಂಚನ್ನು ತೊಳೆಯುತ್ತಿದೆ. ಇನ್‌ಟೇಕ್ ವಾಲ್ವಿನ ಕೆಳಗಿನ ಜಾಗ ಮಾತ್ರ ಒದ್ದೆಯಾಗಿದ್ದರೆ ಮೇಲಿನಿಂದ, ಸೀಲು ಅಥವಾ ಗೈಡಿನಿಂದ ಇಳಿಯುತ್ತಿದೆ. ಆಮೇಲೆ ಬೋರಿನ ಗೋಡೆ ನೋಡಿ. ಹೋನಿಂಗ್ ಮಾಡಿದ, ಅಂದರೆ ಕಲ್ಲಿನಿಂದ ಉಜ್ಜಿ ಮೂಡಿಸಿದ, ಅಡ್ಡಡ್ಡ ಗೆರೆಗಳು ಕಾಣುತ್ತಿದ್ದರೆ ಸಮಾಧಾನ. ಮೇಲಿಂದ ಕೆಳಗೆ ಉಗುರಿಗೆ ಸಿಗುವಂಥ ಗೀರು ಬಿದ್ದಿದ್ದರೆ ಅದು ನಿಜವಾದ ಕೆಟ್ಟ ಸುದ್ದಿ.

ಕಂಪ್ರೆಷನ್ ಪರೀಕ್ಷೆಯ ವಿಷಯದಲ್ಲಿ ಎರಡು ಕಡೆಯೂ ತಪ್ಪಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 14 ಬಾರ್ ತನಕ ಬರುತ್ತದೆ. ಸರಿಯಾದ ಅಂಕಿ ಆಯಾ ಎಂಜಿನ್ನಿನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಂಕಿಗಿಂತಲೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಅಂಕಿ ಜಿಗಿದರೆ ರಿಂಗು ಅಥವಾ ಬೋರು, ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕಂಪ್ರೆಷನ್ ಪೂರ್ತಿ ಇದೆ, ಹಾಗಾಗಿ ರಿಂಗ್ ಚೆನ್ನಾಗಿದೆ ಎನ್ನುವುದು ಸರಿಯಲ್ಲ. ಪಿಸ್ಟನ್ನಿನಲ್ಲಿ ಮೂರು ರಿಂಗ್ ಇರುತ್ತವೆ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು. ಬೋರಿನ ಆಯಿಲನ್ನು ಬಳಿದು ಕೆಳಗೆ ಕಳಿಸುವುದು ಮೂರನೆಯ ಆಯಿಲ್ ರಿಂಗ್. ಅದು ಕೂರುವ ತೋಡಿನಲ್ಲಿ ಸಣ್ಣ ತೂತುಗಳಿವೆ, ಆಯಿಲ್ ಅಲ್ಲಿಂದ ವಾಪಸು ಇಳಿಯಬೇಕು. ಸರಿಯಾದ ಹೊತ್ತಿಗೆ ಆಯಿಲ್ ಬದಲಾಯಿಸದ ಎಂಜಿನ್ನಿನಲ್ಲಿ ಆ ತೂತುಗಳಿಗೆ ಕರಿ ತುಂಬಿ ರಿಂಗ್ ಅಂಟಿಕೊಳ್ಳುತ್ತದೆ. ಆಗ ಗೇಜಿನಲ್ಲಿ ಕಂಪ್ರೆಷನ್ ಚೆನ್ನಾಗಿಯೇ ಬರುತ್ತದೆ. ಬೋರಿನಲ್ಲಿ ಉಳಿದ ಆಯಿಲ್ ಇನ್ನಷ್ಟು ಬಿಗಿ ಕೊಟ್ಟು ಅಂಕಿ ಒಂದು ಚೂರು ಜಾಸ್ತಿಯೂ ಬರಬಹುದು. ಆಯಿಲ್ ಮಾತ್ರ ಹೋಗುತ್ತಲೇ ಇರುತ್ತದೆ.

ಇದು ಕೆಲವು ಎಂಜಿನ್ನುಗಳ ಹುಟ್ಟು ಗುಣವೂ ಹೌದು. ಟೊಯೋಟಾದ 2.4 ಲೀಟರಿನ 2ಎಝಡ್-ಎಫ್‌ಇ ಎಂಜಿನ್ನಿಗೆ ಈ ತೊಂದರೆ ಇತ್ತು. ಅಮೆರಿಕದಲ್ಲಿ ಕಂಪನಿಯೇ ವಾರಂಟಿ ವಿಸ್ತರಿಸಿ, 1,200 ಮೈಲಿಗೆ, ಅಂದರೆ ಸುಮಾರು 1,900 ಕಿ.ಮೀ.ಗೆ, ಎಷ್ಟು ಆಯಿಲ್ ಹೋಗುತ್ತದೆ ಎಂದು ಅಳೆದು ನೋಡಿ, ಮಿತಿ ಮೀರಿದವಕ್ಕೆ ಪಿಸ್ಟನ್ನು, ರಿಂಗು ಬದಲಾಯಿಸಿ ಕೊಟ್ಟಿತು. ಅಳೆಯದೆ ಅವರೂ ಬಿಚ್ಚಲಿಲ್ಲ. ಹೀಗಾಗಿ ಬದಲಿ ಎಂಜಿನ್ ಕೊಳ್ಳುವ ಮುಂಚೆ ಆ ಎಂಜಿನ್ ಜಾತಿಗೆ ಇಂಥ ಹೆಸರು ಇದೆಯೇ ಎಂದು ವಿಚಾರಿಸಬೇಕು. ಇದ್ದರೆ ನಿಮ್ಮ ಹಳೇ ಎಂಜಿನ್ನಿನ ರೋಗವನ್ನೇ ಮತ್ತೆ ತಂದು ಕೂರಿಸುತ್ತಿರಬಹುದು.

ಕಂಪ್ರೆಷನ್ನಿಗಿಂತ ಹೆಚ್ಚು ಹೇಳುವುದು ಲೀಕ್‌ಡೌನ್ ಪರೀಕ್ಷೆ. ಪಿಸ್ಟನ್ ಮೇಲೆ ತಂದು ಪ್ಲಗ್ ತೂತಿನಿಂದ ಗಾಳಿ ತುಂಬಿ, ಶೇಕಡಾ ಎಷ್ಟು ಸೋರುತ್ತದೆ ಎಂದು ಗೇಜಿನಲ್ಲಿ ನೋಡುವುದು. 10ರ ಒಳಗಿದ್ದರೆ ಒಳ್ಳೆಯದು, 20 ದಾಟಿದರೆ ಯೋಚಿಸಬೇಕು. ಆಮೇಲೆ ಕಿವಿ ಕೊಡಿ. ಆಯಿಲ್ ಮುಚ್ಚಳದಲ್ಲಿ ಸುಯ್ ಎಂದರೆ ರಿಂಗು ಅಥವಾ ಬೋರು. ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವು, ಇನ್‌ಟೇಕಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಇಷ್ಟೆಲ್ಲ ನೋಡಿದ ಮೇಲೂ ಬಿಚ್ಚುವ ಮುಂಚೆ ದಾರಿಗಳಿವೆ. ವಾಲ್ವ್ ಸೀಲು ಹೋಗಿದ್ದರೆ ಎಷ್ಟೋ ಎಂಜಿನ್ನುಗಳಲ್ಲಿ ಹೆಡ್ ಇಳಿಸುವುದೇ ಬೇಡ. ಪ್ಲಗ್ ತೂತಿನಿಂದ ಗಾಳಿ ತುಂಬಿ ವಾಲ್ವನ್ನು ಮೇಲೇ ಹಿಡಿಸಿ, ಸ್ಪ್ರಿಂಗ್ ಬಿಚ್ಚಿ ಸೀಲು ಬದಲಾಯಿಸಬಹುದು. ಆಯಿಲ್ ರಿಂಗ್ ಅಂಟಿದೆ ಎಂಬ ಅನುಮಾನ ಇದ್ದು ಬೋರಿನಲ್ಲಿ ಗೀರು ಇಲ್ಲದಿದ್ದರೆ, ಕರಿ ಕರಗಿಸುವ ದ್ರಾವಣವನ್ನು ಪಿಸ್ಟನ್ ಮೇಲೆ ಬಿಟ್ಟು ರಾತ್ರಿಯಿಡೀ ನೆನೆಸಬಹುದು. ಎಲ್ಲದಕ್ಕೂ ಇದು ಫಲ ಕೊಡುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಕಣ್ಣಿಗೆ ಕಾಣುವಷ್ಟು ಕೊಡುತ್ತದೆ. ಆದರೆ ಸ್ಟಾರ್ಟ್ ಮಾಡುವ ಮುಂಚೆ ಉಳಿದ ದ್ರಾವಣವನ್ನು ಎಳೆದು ತೆಗೆಯಬೇಕು. ಪ್ಲಗ್ ಹಾಕದೆ, ಇಗ್ನಿಷನ್ ಮತ್ತು ಇಂಜೆಕ್ಟರಿನ ಕರೆಂಟ್ ವೈರು ಬಿಚ್ಚಿಟ್ಟು, ಎಂಜಿನ್ ತಿರುಗಿಸಿ ಎಲ್ಲ ಹೊರಗೆ ಚಿಮ್ಮಿಸಬೇಕು. ದ್ರವ ಪಿಸ್ಟನ್ ಮೇಲೆ ಉಳಿದಿರುವಾಗ ಪ್ಲಗ್ ಹಾಕಿ ಸೆಲ್ಫ್ ಹೊಡೆದರೆ ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಆಮೇಲೆ ಆಯಿಲು, ಫಿಲ್ಟರು ಎರಡೂ ಬದಲಾಯಿಸಬೇಕು. ಬಹಳ ದಿನ ಬಿದ್ದಿದ್ದ ಎಂಜಿನ್ನಿನ ರಿಂಗುಗಳು ಒಂದೆರಡು ಸಾವಿರ ಕಿ.ಮೀ. ಓಡಿದ ಮೇಲೆ ತಾವಾಗಿಯೇ ಸಡಿಲವಾಗುವುದೂ ಉಂಟು. ಅದಕ್ಕೇ ಒಂದೇ ಸಲ ಅಳೆದು ತೀರ್ಮಾನ ಮಾಡಬೇಡಿ. ದಪ್ಪ ಆಯಿಲ್ ಹಾಕಿ ಸುಮ್ಮನಾಗಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಣ್ಣ ಸಂದಿಗಳಿರುವ ಈಗಿನ ಎಂಜಿನ್ನುಗಳಲ್ಲಿ ತಣ್ಣನೆಯ ದಪ್ಪ ಆಯಿಲ್ ಮೇಲೆ ಹತ್ತಲು ತಡವಾಗಿ ಕ್ಯಾಮ್, ಚೈನ್ ಟೆನ್ಷನರ್ ಎಲ್ಲ ಸವೆಯುತ್ತವೆ.

ರಿಂಗೇ ಎಂದು ಖಚಿತವಾದರೂ ‘ರಿಂಗ್ ಹಾಕಿಸಿ’ ಎನ್ನುವ ಉತ್ತರ ಸಾಲದು. ಬೋರನ್ನು ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಬೋರು ಅಂಡಾಕಾರಕ್ಕೆ ಸವೆದಿದ್ದರೆ ಹೊಸ ರಿಂಗಿನಿಂದ ಏನೂ ಆಗುವುದಿಲ್ಲ. ನುಣುಪಾದ ಬೋರಿಗೆ ಹೋನಿಂಗ್ ಮಾಡದೆ ರಿಂಗ್ ಹಾಕಿದರೆ ಅದು ಕೂರುವುದೇ ಇಲ್ಲ, ಆಯಿಲ್ ಮೊದಲಿನಷ್ಟೇ ಹೋಗುತ್ತದೆ.

ನಿಮ್ಮ ಪುಟದಲ್ಲಿ ಮೊದಲು ಬರಬೇಕಾಗಿದ್ದ ವಿಷಯ ಒಂದಿದೆ. ಎಂಜಿನ್ ಕಾರಿನೊಳಗೆ ಹೋಗುವ ಮುಂಚೆ ನೆಲದ ಮೇಲೆ ಇರುವಾಗಲೇ ಈ ಕೆಲಸಗಳನ್ನೆಲ್ಲ ಮಾಡಬಹುದು. ಆಗ ಎಲ್ಲ ಕಡೆಗೂ ಕೈ ಹೋಗುತ್ತದೆ. ಗಿಯರ್ ಬಾಕ್ಸ್ ಕಡೆಯ ಸೀಲು, ವಾಲ್ವ್ ಸೀಲು, ಪಿಸಿವಿ ವಾಲ್ವು, ಬ್ರೀದರ್ ಪೈಪು, ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಇಷ್ಟನ್ನು ಹೊಸದು ಹಾಕಿಸಿ. ಕೂರಿಸಿದ ಮೇಲೆ ಇದೇ ಸೀಲಿಗಾಗಿ ಗಿಯರ್ ಬಾಕ್ಸ್ ಇಳಿಸಬೇಕಾಗುತ್ತದೆ. ಸಂಪು ಬಿಚ್ಚಿ ನೋಡಿ. ತಳದಲ್ಲಿ ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿದ್ದರೆ ಆ ಎಂಜಿನ್ನಿಗೆ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಲ್ಲ, ಆಯಿಲ್ ರಿಂಗ್ ಸ್ಥಿತಿಯೂ ಅಷ್ಟಕ್ಕಷ್ಟೇ ಎಂದು ತಿಳಿಯುತ್ತದೆ. ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿ ನೋಡಿ, ಬೋರ್‌ಸ್ಕೋಪಿನಲ್ಲಿ ಪ್ರತಿ ಬೋರಿನ ಫೋಟೊ ತೆಗೆದಿಟ್ಟುಕೊಳ್ಳಿ. ಮಾರುವವರು ಕೊಡುವ ಗ್ಯಾರಂಟಿ ಹೆಚ್ಚಾಗಿ ‘ಸ್ಟಾರ್ಟ್ ಆಗುತ್ತದೆ, ಸದ್ದಿಲ್ಲ’ ಎಂಬಷ್ಟಕ್ಕೇ. ಎಂಜಿನ್ ನಂಬರ್ ಬರೆಸಿ, 1,000 ಕಿ.ಮೀ.ಗೆ ಇಂತಿಷ್ಟಕ್ಕಿಂತ ಜಾಸ್ತಿ ಆಯಿಲ್ ಹೋದರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಬರಹದಲ್ಲಿ ಕೇಳಿ. ಒಳ್ಳೆಯ ಮಾಲು ಇಟ್ಟವರು ಹಿಂಜರಿಯುವುದಿಲ್ಲ.

ಪರೀಕ್ಷೆ ನಡೆಯುವಷ್ಟು ದಿನ ಕಡ್ಡಿ ನೋಡುವುದನ್ನು ಬಿಡಬಾರದು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಹೇಳುವುದು ಪ್ರೆಷರನ್ನು, ಮಟ್ಟವನ್ನಲ್ಲ. ಆಯಿಲ್ ಕಡಿಮೆಯಿದ್ದಾಗ ತಿರುವಿನಲ್ಲಿ ಪಂಪು ಗಾಳಿ ಎಳೆಯುತ್ತದೆ. ದೀಪ ಹತ್ತುವ ಹೊತ್ತಿಗೆ ಬೇರಿಂಗಿಗೆ ಪೆಟ್ಟು ಬಿದ್ದಿರುತ್ತದೆ. ಆಗ ನಿಜವಾಗಿಯೂ ಎಂಜಿನ್ ಬಿಚ್ಚಲೇಬೇಕಾಗುತ್ತದೆ.

ಸಂಪಾದಕರೇ, ಆ ಓದುಗರಿಗೆ ಈ ಪತ್ರ ತಲುಪುವಂತೆ ದಯವಿಟ್ಟು ಪ್ರಕಟಿಸಿ. ಅವರು ನಾಲ್ಕು ವಿಷಯ ಬರೆದು ಕಳಿಸಲಿ: 1,000 ಕಿ.ಮೀ.ಗೆ ಅಳೆದ ಆಯಿಲ್ ಎಷ್ಟು, ಕಡ್ಡಿ ಯಾವ ಎಂಜಿನ್ನಿನದ್ದು, ನಾಲ್ಕು ಪ್ಲಗ್ ಹೇಗಿವೆ, ಮುಚ್ಚಳ ತೆಗೆದಾಗ ಹಾಳೆ ಒಳಗೆ ಹೋಯಿತೋ ಹೊರಗೆ ಹಾರಿತೋ. ಇಷ್ಟು ಗೊತ್ತಾದರೆ ಮುಂದೆ ಏನು ಮಾಡಬೇಕು ಎಂದು ನಿಮ್ಮ ಪುಟದಲ್ಲೇ ಬರೆದು ತಿಳಿಸುತ್ತೇನೆ.

ಇಂತಿ,
ಎಂಜಿನ್ ಕೆಲಸದ ಒಬ್ಬ ಮೆಕ್ಯಾನಿಕ್